ಹುಣಸೆ ರಾಶಿಯ ಮುಂದೆ ನನ್ನ ಬುದ್ಧಿವಂತಿಕೆಯ ವಿಚಾರಣೆ

ನಮ್ಮ ಮನೆಯಲ್ಲಿ ದೊಡ್ಡ ವಿಷಯಗಳನ್ನು ನಿಂತುಕೊಂಡು ಮಾತಾಡುವಂತಿರಲಿಲ್ಲ. ಊಟದ ಹೊತ್ತಿನಲ್ಲೂ ಆಡುವಂತಿರಲಿಲ್ಲ, ಪೂಜೆಯ ಹೊತ್ತಿನಲ್ಲಂತೂ ಇಲ್ಲವೇ ಇಲ್ಲ. ಪಡಸಾಲೆಯಲ್ಲಿ ಹುಣಸೆಹಣ್ಣಿನ ರಾಶಿಯ ಸುತ್ತ ಕೂತು, ಓಡು ಬಿಡಿಸುತ್ತಲೋ ಬೀಜ ತೆಗೆಯುತ್ತಲೋ ಮಾತ್ರ ಆಡಬೇಕು. ಅಪ್ಪನದು ಹುಣಸೆ ವ್ಯಾಪಾರ. ಶಿವರಾತ್ರಿ ಕಳೆಯುತ್ತಿದ್ದಂತೆ ಕೊರಟಗೆರೆ ಕಡೆಯಿಂದ, ಪಾವಗಡದ ಕಡೆಯಿಂದ ಚೀಲಗಳು ಬಂದಿಳಿಯಲು ಶುರುವಾದರೆ, ಯುಗಾದಿ ಕಳೆದು ಎಷ್ಟೋ ದಿನದವರೆಗೆ ಪಡಸಾಲೆಯ ನೆಲ ನಮ್ಮ ಕಣ್ಣಿಗೆ ಬೀಳುತ್ತಿರಲಿಲ್ಲ. ಹಾಸಿಗೆ, ದಿಂಬು, ಪಾಠದ ಪುಸ್ತಕ ಎಲ್ಲಕ್ಕೂ ಹುಳಿ ವಾಸನೆ. ಪಕ್ಕದ ಮನೆಯವರು ಏನಾದರೂ ಕೇಳಲು ಬಂದರೆ ಹೊಸ್ತಿಲಲ್ಲೇ ಬಾಯಲ್ಲಿ ನೀರೂರಿ, ಅದನ್ನು ನುಂಗಿಕೊಂಡು ಆಮೇಲೆ ಮಾತು ಶುರು ಮಾಡುತ್ತಿದ್ದರು.

ಕಟ್ಟಳೆ ಮಾಡಿದವಳು ಅಜ್ಜಿ, ಅಪ್ಪನ ತಾಯಿ. ಕೈ ಆಡುತ್ತಿರುವಷ್ಟು ಹೊತ್ತು ಯಾರು ಬೇಕಾದರೂ ಏನು ಬೇಕಾದರೂ ಹೇಳಬಹುದು. ಸೊಸೆ ಅತ್ತೆಗೆ ಎದುರಾಡಬಹುದು, ಮಗ ತಾಯಿಗೆ ಎದುರಾಡಬಹುದು, ಕೂಲಿಗೆ ಬರುವ ಅಂಜಿನಮ್ಮ ಅಪ್ಪನಿಗೇ ಎದುರಾಡಬಹುದು. ಕೈ ನಿಂತಿತೋ, ಬಾಯಿಯೂ ನಿಲ್ಲಬೇಕು. ತಂದು ಸುರಿದ ರಾಶಿ ಮುಗಿಯುವುದರೊಳಗೆ ವಿಷಯ ಇತ್ಯರ್ಥವಾಗಬೇಕು. ಆಗದಿದ್ದರೆ ಅದನ್ನು ಆ ವರ್ಷ ಮತ್ತೆ ಎತ್ತುವಂತಿಲ್ಲ. ಒಂದು ವಿಷಯಕ್ಕೆ ಒಂದೇ ರಾಶಿ. ಯಾಕಜ್ಜಿ ಹೀಗೆ ಎಂದು ನಾನು ಕೇಳಿದ್ದೆ.

“ಕೈಯೆಲ್ಲ ಅಂಟಂಟಾಗಿದ್ರೆ ಯಾರೂ ದಬಕ್ಕನೆ ಎದ್ದು ಓಗಕಾಗಲ್ಲ ಕಣಮ್ಮಿ. ಬಾಗ್ಲು ದಡಾರ್ ಅನ್ಸಕಾಗಲ್ಲ. ನಿಮ್ಮ ತಾತ ಮಾತುಮಾತಿಗೂ ಟವಲ್ ಕೊಡವ್ಕಂಡು ಎದ್ದೋಗ್ಬುಡೋರು. ಕೈಗೆ ಹುಣಸೆಹಣ್ಣು ಕೊಟ್ಟೆ ನೋಡು, ಟವಲ್ ಮುಟ್ಟಕಾಗ್ದೆ ಕೂತ್ಕಂಡ್ರು.”

ಹುಣಸೆ ಕಾಲವಲ್ಲದಾಗ ಹುಟ್ಟಿದ ಜಗಳಗಳಿಗೆ ಕಡಲೆಕಾಯಿ ಬಿಡಿಸುವ ಏರ್ಪಾಡಿತ್ತು. ಆದರೆ ಅದರಲ್ಲಿ ಅಂಟಿಲ್ಲ. ಮೇಲಾಗಿ ಎರಡೂ ಕಡೆಯವರು ವಾದ ಮಾಡುತ್ತ ಮಾಡುತ್ತ ಬೀಜವನ್ನೆಲ್ಲ ತಿಂದುಬಿಡುತ್ತಿದ್ದರು. ಹಾಗಾಗಿ ನಿಜವಾಗಿ ದೊಡ್ಡದೆನ್ನುವ ಸಂಗತಿಗಳು ಹುಣಸೆಗೇ ಕಾಯುತ್ತಿದ್ದವು. ಸೋದರತ್ತೆಯ ಮದುವೆ, ಹಿತ್ತಲ ಗೋಡೆ, ಎಮ್ಮೆ ಮಾರುವುದೋ ಬಿಡುವುದೋ ಎಂಬುದೆಲ್ಲ ಆ ರಾಶಿಯ ಮುಂದೆಯೇ ತೀರ್ಮಾನವಾದದ್ದು. ಒಂದು ದಿನ ನಾನೇ ಅಲ್ಲಿ ವಿಷಯವಾಗಿ ಬಂದು ಬೀಳುತ್ತೇನೆಂದು ಮಾತ್ರ ಎಣಿಸಿರಲಿಲ್ಲ. ಎಣಿಸಿರಲಿಲ್ಲ ಎಂದರೆ ನನ್ನನ್ನು ಬಲ್ಲವರು ನಂಬಲಿಕ್ಕಿಲ್ಲ. ನಾನು ಎಣಿಸದೆ ಬಿಟ್ಟ ಆಪತ್ತೇ ಇಲ್ಲ. ಅದೊಂದು ಹೇಗೋ ತಪ್ಪಿಹೋಗಿತ್ತು.

ಹಿತ್ತಲ ಬಾಗಿಲು ತೆರೆದರೆ ಎದುರಿಗೆ ಬೆಟ್ಟ. ಮಧುಗಿರಿಯವರು ಬೆಟ್ಟವನ್ನು ನೋಡುವುದಿಲ್ಲ, ಅದು ಇರುತ್ತದೆ ಅಷ್ಟೆ. ಒಂದೇ ಬಂಡೆ, ಅರ್ಧ ಆಕಾಶ ಅದರದ್ದೇ. ಬೆಳಗಿನ ಬಿಸಿಲು ಅದರ ಮೇಲೆ ಬಿದ್ದಾಗ ಅದು ಉಸಿರಾಡುವ ಪ್ರಾಣಿಯ ಬೆನ್ನಿನ ಹಾಗೆ ಕಾಣುತ್ತಿತ್ತು. ನಾನು ಎದ್ದವಳೇ ಹಿತ್ತಲಿಗೆ ಹೋಗಿ, ಅದು ನಿನ್ನೆ ಇದ್ದಲ್ಲೇ ಇದೆಯೇ ಎಂದು ನೋಡಿಕೊಂಡು ಆಮೇಲೆ ಹಲ್ಲುಜ್ಜುತ್ತಿದ್ದೆ. ಏಳನೇ ಕ್ಲಾಸಿನಲ್ಲಿ ಗಣಿತ, ವಿಜ್ಞಾನ ಎರಡನ್ನೂ ಕಲಿಸುತ್ತಿದ್ದ ಗಂಗಾಧರಯ್ಯ ಮೇಷ್ಟ್ರನ್ನು ಒಂದು ದಿನ ತಡೆಯಲಾರದೆ ಕೇಳಿಬಿಟ್ಟೆ.

“ಸಾರ್, ಬೆಟ್ಟ ಜಾರಿದ್ರೆ ಯಾವ ಬೀದಿ ಮೊದ್ಲು ಹೋಗುತ್ತೆ?”

ಕ್ಲಾಸು ನಕ್ಕಿತು. ಮೇಷ್ಟ್ರು ನಗಲಿಲ್ಲ. ಬೋರ್ಡಿನ ಮೇಲೆ ಇಳಿಜಾರು ಬರೆದು, ಗುಂಡು ಬರೆದು, ಬಾಣ ಬರೆದು, ಪಾಠವನ್ನೇ ಬಿಟ್ಟು ಆ ಪೀರಿಯಡ್ಡನ್ನೆಲ್ಲ ನನ್ನ ಭಯಕ್ಕೆ ಕೊಟ್ಟರು. ಅಲ್ಲಿಂದ ಮುಂದೆ ನಾನು ಅವರ ಕಣ್ಣಿಗೆ ವಿಜ್ಞಾನಿ. ಬಾವಿ ಬತ್ತಿದರೆ ಆಮೆ ಎಲ್ಲಿಗೆ ಹೋಗುತ್ತದೆ, ಊರಿನವರೆಲ್ಲ ಒಟ್ಟಿಗೇ ಉಸಿರೆಳೆದುಕೊಂಡರೆ ಗಾಳಿ ಸಾಕಾಗುತ್ತದೆಯೇ ಎಂದೆಲ್ಲ ನಾನು ಕೇಳುತ್ತಿದ್ದದ್ದು ತಿಳಿಯುವ ಆಸೆಯಿಂದಲ್ಲ, ಹೆದರಿಕೆಯಿಂದ. ಲೆಕ್ಕದಲ್ಲೂ ಅಷ್ಟೇ. ಉತ್ತರ ಬಂದ ಮೇಲೂ ತಪ್ಪಿದ್ದರೆ ಏನು ಗತಿ ಎಂದು ಅದೇ ಲೆಕ್ಕವನ್ನು ಇನ್ನೊಂದು ದಾರಿಯಲ್ಲಿ ಮಾಡುತ್ತಿದ್ದೆ. ಪಾಪ, ಮೇಷ್ಟ್ರು ಅದನ್ನು ಪ್ರತಿಭೆ ಎಂದುಕೊಂಡರು. ನನ್ನ ಜೀವಮಾನದಲ್ಲಿ ನನ್ನ ಚಿಂತೆಗೆ ಅಷ್ಟು ಒಳ್ಳೆಯ ಹೆಸರು ಕೊಟ್ಟವರು ಅವರೊಬ್ಬರೇ.

ಅದೇ ಹುಣಸೆ ಕಾಲದ ಒಂದು ಮಧ್ಯಾಹ್ನ ಅವರು ಬಿಳೀ ಪಂಚೆ ಉಟ್ಟುಕೊಂಡು ಮನೆಗೆ ಬಂದರು. ಹೊಸ್ತಿಲಲ್ಲಿ ನಿಂತೇ ಶುರು ಮಾಡಿದರು.

“ಶಿವಣ್ಣನವರೇ, ನಿಮ್ಮ ಮಗಳು ಗಿರಿಜ ವಿಷಯ ಮಾತಾಡ್ಬೇಕಿತ್ತು.”

ಅಪ್ಪ ಬಾಯಿ ತೆರೆಯುವ ಮೊದಲೇ ಅಜ್ಜಿ ತಲೆಯೆತ್ತಿದಳು.

“ದೊಡ್ಡ ವಿಷ್ಯನೋ, ಸಣ್ಣದೋ ಮೇಷ್ಟ್ರೇ?”

“ದೊಡ್ಡದೇ ಅಜ್ಜಿ.”

“ಅಂಗಾರೆ ಕೈ ತೊಳ್ಕಂಡು ಬನ್ನಿ.”

ಮೇಷ್ಟ್ರು ಊಟಕ್ಕೆ ಕರೆಯುತ್ತಿದ್ದಾರೆಂದು ತಿಳಿದು ಸಂಕೋಚದಿಂದ ಕೈ ತೊಳೆದು ಬಂದರೆ, ಅಜ್ಜಿ ಗೋಣಿತಾಟು ಹಾಸಿ, ಮುಂದೆ ಒಂದು ಹಿಡಿ ಹುಣಸೆ ತಳ್ಳಿದಳು. ಹಾಗಾಗಿ ನನ್ನ ಭವಿಷ್ಯದ ಬಗ್ಗೆ ಮೊದಲ ಭಾಷಣ ಬಹಳ ತಡವರಿಸಿ ಬಂತು. ಅವರಿಗೆ ಓಡು ಬಿಡಿಸುವ ಅಭ್ಯಾಸವಿರಲಿಲ್ಲ, ಬಿಡಿಸದೆ ಮಾತಾಡಲು ಬಿಡುವವರಿರಲಿಲ್ಲ. ಅವರು ಹೇಳಿದ್ದಿಷ್ಟು: ಜಾಣ ಮಕ್ಕಳಿಗೆಂದೇ ಒಂದು ವಸತಿ ಶಾಲೆ ಇದೆ. ಎಂಟನೇ ಕ್ಲಾಸಿನಿಂದ ಅಲ್ಲೇ ಓದು, ಅಲ್ಲೇ ಊಟ, ಅಲ್ಲೇ ನಿದ್ದೆ. ಅದಕ್ಕೊಂದು ಆಯ್ಕೆ ಪರೀಕ್ಷೆ, ಇಡೀ ತಾಲ್ಲೂಕಿನಿಂದ ಬೆರಳೆಣಿಕೆಯ ಮಕ್ಕಳಿಗೆ ಸೀಟು. ಹುಡುಗಿಯನ್ನು ಪರೀಕ್ಷೆಗೆ ಕೂರಿಸಬೇಕು. ಇಷ್ಟು ಹೇಳಿ ಭಾವುಕರಾಗಿ ಕಣ್ಣು ಒರೆಸಿಕೊಂಡರು. ಹುಣಸೆ ಕೈಯಲ್ಲಿ ಕಣ್ಣು ಒರೆಸಿಕೊಳ್ಳಬಾರದೆಂದು ಅವರಿಗೆ ಯಾರೂ ಹೇಳಿರಲಿಲ್ಲ. ಅಮ್ಮ ಓಡಿಹೋಗಿ ತಣ್ಣೀರು ತಂದಳು. ಕೆಂಪು ಕಣ್ಣಿನ ಮೇಷ್ಟ್ರನ್ನು ನೋಡಿ, ಇಷ್ಟೊಂದು ಅಳುವಷ್ಟು ಬುದ್ಧಿವಂತಳೇ ನಾನು ಎಂದು ನನಗೇ ಗಾಬರಿಯಾಯಿತು.

ಮೊದಲ ಪ್ರಶ್ನೆ ಅಂಜಿನಮ್ಮನದು. ಅವಳು ಪಾವಗಡದಾಚೆಯ ಹಳ್ಳಿಯವಳು, ಮಾತಿಗೆ ತೆಲುಗಿನ ಒಗ್ಗರಣೆ ಬಿದ್ದೇ ಬೀಳುತ್ತಿತ್ತು.

“ಏಮಿ ಸಾರ್, ಆ ಇಸ್ಕೂಲ್ನಾಗೆ ಪಾಪುಗೆ ಮುದ್ದೆ ಇಕ್ತಾರಾ?”

“ಚಪಾತಿ ಕೊಡ್ತಾರಮ್ಮ.”

“ಅಯ್ಯೋ ದೇವುಡಾ! ದಿನಾಲೂನಾ?”

ಆಮೇಲೆ ಅಪ್ಪ ಗಂಟಲು ಸರಿಮಾಡಿಕೊಂಡ. ಅಪ್ಪನಿಗೆ ಕಳಿಸುವ ಆಸೆ. ಆಸೆಯೆಂದು ಹೇಳಲು ನಾಚಿಕೆ, ಅದಕ್ಕೇ ವ್ಯಾಪಾರದ ಮಾತು ತೆಗೆದ.

“ನಾನು ದಿನಾ ಮಾಡೋ ಕೆಲ್ಸ ಏನವ್ವ? ಒಳ್ಳೆ ಹಣ್ಣು ಒಂದ್ಕಡೆ, ಮಿಕ್ಕಿದ್ದು ಒಂದ್ಕಡೆ. ಎಲ್ಲಾ ಸೇರ್ಸಿ ಇಟ್ಬುಟ್ರೆ ಒಳ್ಳೇದಕ್ಕೂ ಬೆಲೆ ಬರಲ್ಲ.”

“ಒಳ್ಳೇದು ಅಂತ ಬೇರೆ ಮಾಡ್ತೀಯಲ್ಲ, ಅದು ಎಲ್ಲಿಗೋಯ್ತದೆ?”

“ಲಾರಿಗೆ.”

“ಮನೆ ಸಾರಿಗೆ ಯಾವ್ದು ಆಕ್ತಾಳೆ ನಿನ್ನೆಂಡ್ತಿ?”

ಅಪ್ಪ ತಡೆದು ಹೇಳಿದ.

“ಮಿಕ್ಕಿದ್ದು.”

“ಸಾರು ಚೆನ್ನಾಗಿರಲ್ವಾ?”

ಅಪ್ಪನ ಕೈ ನಿಂತುಹೋಯಿತು. ಕೈ ನಿಂತವನು ಉತ್ತರ ಕೊಡುವಂತಿಲ್ಲ. ಅಜ್ಜಿ ಅವನ ಕೈಯನ್ನೇ ನೋಡಿ, ಮುಂದಕ್ಕೆ ಹೇಳಿದಳು.

“ಇವ್ಳ ಬುದ್ಧಿವಂತೆ ಅಂತ ಎತ್ತಿ ಬೇರೆ ಇಟ್ರೆ, ಪಕ್ಕದಾಗೆ ಕುಂತಿದ್ದ ಮಕ್ಳಿಗೆ ಏನಂತ ಯೋಳ್ತೀರಾ ಮೇಷ್ಟ್ರೇ? ನೀವು ಮಿಕ್ಕಿದ್ದು ಅಂತಲಾ?”

ಮೇಷ್ಟ್ರ ಕೈಯೂ ನಿಂತಿತು.

ನಾನೂ ರಾಶಿಯ ಮುಂದೆಯೇ ಕೂತಿದ್ದೆ, ನನ್ನ ಕೈಯೂ ಆಡುತ್ತಿತ್ತು. ಕಟ್ಟಳೆಯ ಪ್ರಕಾರ ನಾನು ಮಾತಾಡಬಹುದಿತ್ತು. ಆದರೆ ಹೇಳುವುದು ಏನನ್ನು? ಆಯ್ಕೆಯಾಗದಿದ್ದರೆ ಎಂಬ ಭಯ ಒಂದು ಕಡೆ, ಆಗಿಬಿಟ್ಟರೆ ಎಂಬ ಭಯ ಇನ್ನೊಂದು ಕಡೆ. ಅಲ್ಲಿ ಬಚ್ಚಲಿಗೆ ಚಿಲಕವಿರುತ್ತದೆಯೇ? ನನಗೆ ಜ್ವರ ಬಂದರೆ ಹಣೆ ಮುಟ್ಟಿ ನೋಡುವವರಾರು? ಅಲ್ಲಿರುವವರೆಲ್ಲ ಜಾಣರಾದರೆ ಅವರಲ್ಲಿ ದಡ್ಡಿ ಯಾರು, ನಾನೇ ತಾನೆ? ಎಲ್ಲಕ್ಕಿಂತ ಹೆಚ್ಚಾಗಿ, ಬೆಳಿಗ್ಗೆ ಎದ್ದು ಬೆಟ್ಟ ಇದ್ದಲ್ಲೇ ಇದೆಯೇ ಎಂದು ಈ ಮನೆಯಲ್ಲಿ ನೋಡುವವರಾರು? ಇವರೆಲ್ಲ ಎಷ್ಟು ಧೈರ್ಯವಾಗಿ ಅದಕ್ಕೆ ಬೆನ್ನು ಹಾಕಿ ಕೂತಿದ್ದಾರೆ!

ಆಗ ನಾನೊಂದನ್ನು ಗಮನಿಸಿದೆ. ರಾಶಿ ಕರಗುತ್ತಿರಲಿಲ್ಲ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಚುರುಕು ಕೈ ಅಮ್ಮನದು. ಅವಳು ಓಡು ಬಿಡಿಸುವುದು ಕಣ್ಣಿಗೆ ಕಾಣುತ್ತಿರಲಿಲ್ಲ, ಸದ್ದು ಮಾತ್ರ ಕೇಳುತ್ತಿತ್ತು. ಆವತ್ತು ಅವಳು ಒಂದು ಹಣ್ಣು ತೆಗೆದುಕೊಂಡು, ಅದರ ನಾರನ್ನು ಜಡೆ ಬಿಚ್ಚುವ ಹಾಗೆ ಒಂದೊಂದೇ ಎಳೆ ಬಿಡಿಸುತ್ತಿದ್ದಳು. ಅಂಜಿನಮ್ಮನೂ ಬಿಡಿಸಿದ್ದನ್ನೇ ಬಿಡಿಸುತ್ತಿದ್ದಳು. ಅಪ್ಪ ಹಣ್ಣನ್ನು ಬೆಳಕಿಗೆ ಹಿಡಿದು, ಅದರೊಳಗೆ ಯಾರೋ ಪತ್ರ ಬರೆದಿಟ್ಟಿದ್ದಾರೇನೋ ಎಂಬಂತೆ ನೋಡುತ್ತಿದ್ದ. ರಾಶಿ ಮುಗಿದರೆ ವಿಷಯ ಮುಗಿಯುತ್ತದೆ. ಮುಗಿಯುವುದು ಯಾರಿಗೂ ಬೇಡವಾಗಿತ್ತು. ಲಾರಿ ಬರುವ ದಿನ ಹತ್ತಿರವಿತ್ತು, ನಡುಮನೆಯಲ್ಲಿ ಇನ್ನೂ ಬಿಚ್ಚದ ಚೀಲಗಳಿದ್ದವು, ಆದರೂ ನನ್ನೊಬ್ಬಳಿಗೋಸ್ಕರ ಇಡೀ ಮನೆ ನಿಧಾನವಾಗಿತ್ತು. ಅಷ್ಟು ಜನ ದೊಡ್ಡವರು ನನ್ನ ಬಗ್ಗೆ ಅಷ್ಟು ಹೊತ್ತು ಯೋಚಿಸಬಲ್ಲರೆಂದು ನನಗೆ ಗೊತ್ತೇ ಇರಲಿಲ್ಲ. ಆ ಮನೆಯಲ್ಲಿ ಚಿಂತೆ ಮಾಡುವವಳು ನಾನೊಬ್ಬಳೇ ಎಂದುಕೊಂಡಿದ್ದೆ. ಬೆಳಿಗ್ಗೆ ಬೆಟ್ಟದ ಮುಂದೆ ನಿಂತಾಗಲೆಲ್ಲ ಎದೆಯಲ್ಲಿ ಏನೋ ದೊಡ್ಡದಾಗುತ್ತಿತ್ತು, ಈಗಲೂ ಅದೇ ಆಯಿತು.

ಎಷ್ಟು ನಿಧಾನ ಮಾಡಿದರೂ ರಾಶಿ ಕೊನೆಗೆ ತಳ ಕಂಡಿತು. ನಾಲ್ಕೈದು ಹಣ್ಣು ಉಳಿದವು. ಅಜ್ಜಿಯ ಮಾತೇ ಕೊನೆಯ ಮಾತಾಗಿ ನಿಂತಿತ್ತು, ಎಂದರೆ ನಾನು ಪರೀಕ್ಷೆ ಬರೆಯುವುದಿಲ್ಲ ಎಂದೇ ಲೆಕ್ಕ. ಗೆದ್ದವಳು ಅವಳು, ಕೈ ಕೊಡವಿಕೊಂಡು ಏಳಬಹುದಿತ್ತು. ಎದ್ದಳು. ಎದ್ದು ನಡುಮನೆಗೆ ಹೋಗಿ, ಬಾಗಿದ ಸೊಂಟದಲ್ಲೇ ಒಂದು ಚೀಲವನ್ನು ದರದರ ಎಳೆದು ತಂದು, ಬಾಯಿ ಬಿಚ್ಚಿ, ನಮ್ಮ ನಡುವೆ ದಬದಬ ಸುರಿದುಬಿಟ್ಟಳು. ಒಂದು ವಿಷಯಕ್ಕೆ ಎರಡನೇ ರಾಶಿ! ಅಪ್ಪ ಬಾಯಿ ಬಿಟ್ಟುಕೊಂಡು ನೋಡಿದ.

“ಏನವ್ವ ಇದು?”

“ಅವ್ಳು ಇನ್ನೂ ಮಾತಾಡಿಲ್ಲ.”

ಅಜ್ಜಿ ನೋಡುತ್ತಿದ್ದದ್ದು ಅಮ್ಮನ ಕಡೆ. ಅಮ್ಮ ಆ ಮನೆಗೆ ಸೊಸೆಯಾಗಿ ಬಂದಾಗಿನಿಂದ ರಾಶಿಯ ಮುಂದೆ ಎಷ್ಟು ಹಣ್ಣು ಬಿಡಿಸಿದ್ದಳೋ, ದೊಡ್ಡ ವಿಷಯಕ್ಕೆ ಒಂದು ಮಾತು ಆಡಿದ್ದನ್ನು ನಾನು ಕೇಳಿರಲಿಲ್ಲ. ಅವಳು ಹೊಸ ರಾಶಿಯಿಂದ ಒಂದು ಹಣ್ಣು ತೆಗೆದುಕೊಂಡಳು. ತಲೆಯೆತ್ತಲಿಲ್ಲ. ಕೈ ತನ್ನ ಹಳೆಯ ಚುರುಕಿಗೆ ಮರಳಿತು, ಪಟಪಟ ಓಡು ಬೀಳತೊಡಗಿತು, ಅದರ ಜೊತೆಗೇ ಮಾತೂ.

“ಬರೀಲಿ ಅತ್ತೆ. ನಂಗೆ ಓದ್ಬೇಡ ಅಂತ ನಮ್ಮ ತವ್ರಲ್ಲಿ ಯಾರೂ ಅನ್ಲಿಲ್ಲ. ಅಂದಿದ್ರೆ ಅವ್ರ ಮೇಲಾದ್ರೂ ಸಿಟ್ಟು ಮಾಡ್ಕಬೋದಿತ್ತು. ನಾನೇ ಕೇಳ್ಲಿಲ್ಲ. ಇಲ್ಲ ಅಂದ್ಬುಟ್ರೆ ಅಂತ ಎದ್ರುಕಂಡು ಸುಮ್ಕಾಗ್ಬುಟ್ಟೆ. ಇವ್ಳೂ ನನ್ನಂಗೇ ಎದ್ರುಪುಕ್ಲಿ. ಹೋಗದು ಬುಡದು ಆಮೇಲಿನ ಮಾತು. ಕೇಳಿ ಬರ್ಲಿ ಒಂದ್ಸಲ.”

ಆಮೇಲೆ, ಇನ್ನೂ ಮೆಲ್ಲಗೆ:

“ಬರೆಯೋಳು ಅವ್ಳು. ಅವ್ಳನ್ನ ಒಂದು ಮಾತು ಕೇಳ್ಬಾರ್ದಾ?”

ಎಲ್ಲರೂ ನನ್ನ ಕಡೆ ತಿರುಗಿದರು. ನನ್ನ ಕೈ ಕಲ್ಲಾಯಿತು. ಬಾಯಿ ತೆರೆದರೆ ಅಜ್ಜಿ ಬೆರಳೆತ್ತಿದಳು.

“ಕೈ ಆಡ್ಸು. ಆಮೇಲೆ ಮಾತಾಡು.”

ನಾನೊಂದು ಹಣ್ಣು ತೆಗೆದುಕೊಂಡು ಒಡೆದೆ.

“ಬರೀತೀನಿ. ಆದ್ರೆ ಫೇಲಾದ್ರೆ ಯಾರೂ ನಗ್ಬಾರ್ದು. ಪಾಸಾದ್ರೆ ಯಾರೂ ಅಳ್ಬಾರ್ದು.”

“ಒಳ್ಳೆ ವಕೀಲಮ್ಮ ಕಣಪ್ಪ ಇವ್ಳು!” ಎಂದು ಅಂಜಿನಮ್ಮ ನಕ್ಕಳು. ಷರತ್ತನ್ನು ಎಲ್ಲರೂ ಒಪ್ಪಿದರು, ಅಜ್ಜಿಯೂ. ಸುರಿದುಬಿಟ್ಟಿದ್ದ ಆ ಎರಡನೇ ರಾಶಿಯನ್ನು ಮುಗಿಸದೆ ಏಳುವಂತಿರಲಿಲ್ಲವಲ್ಲ, ಮೇಷ್ಟ್ರನ್ನೂ ಬಿಡಲಿಲ್ಲ. ದೀಪ ಹಚ್ಚುವ ಹೊತ್ತಿಗೆ ಅವರ ಪಂಚೆಯ ಬಣ್ಣ ಯಾವುದಿತ್ತೆಂದು ಹೇಳುವುದು ಕಷ್ಟವಾಗಿತ್ತು.

ಪರೀಕ್ಷೆ ಶಿರಾದಲ್ಲಿ. ಅಪ್ಪ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ನನ್ನನ್ನು ಬಸ್ಸಿನಲ್ಲಿ ಕರೆದೊಯ್ದ. ಸುಣ್ಣ ಬಳಿದ ಶಾಲೆಯ ಮುಂದೆ, ಬೇವಿನ ಮರದ ಕೆಳಗೆ, ಎಲ್ಲೆಲ್ಲಿಂದಲೋ ಬಂದ ಮಕ್ಕಳು. ನನ್ನ ಬೆರಳುಗಳು ಹುಣಸೆಯಿಂದ ಕಪ್ಪಗಿದ್ದವು, ಅವನ್ನು ಲಂಗದ ನೆರಿಗೆಯಲ್ಲಿ ಬಚ್ಚಿಟ್ಟುಕೊಂಡು ನಿಂತಿದ್ದೆ. ಪಕ್ಕದಲ್ಲಿ ಎರಡು ಜಡೆಯ ಒಬ್ಬಳು ಹುಡುಗಿ, ನನ್ನಷ್ಟೇ ಎತ್ತರ, ತನ್ನ ಅಪ್ಪನ ತೋಳು ಜಗ್ಗಿ ಕೇಳುತ್ತಿದ್ದಳು.

“ಗಂಟೆ ಕೆಟ್ಟೋಗ್ಬುಟ್ರೆ ಟೈಮಾಯ್ತು ಅಂತ ಅವ್ರಿಗೆ ಹೆಂಗಪ್ಪ ಗೊತ್ತಾಯ್ತದೆ?”

“ಸುಮ್ನಿರೆ, ತಲೆ ತಿನ್ಬೇಡ” ಎಂದ ಅವನು. ನಾನು ಕಣ್ಣು ಕೀಳದೆ ಅವಳನ್ನು ನೋಡಿದೆ. ಆ ಪ್ರಶ್ನೆ ಬಸ್ಸಿನುದ್ದಕ್ಕೂ ನನ್ನ ಹೊಟ್ಟೆಯಲ್ಲಿತ್ತು! ಪ್ರಪಂಚದಲ್ಲಿ ನನ್ನಂಥವರು ಇನ್ನೊಬ್ಬರಿದ್ದಾರೆ. ಬೇವಿನ ಮರದ ಕೆಳಗಿನ ಆ ಮಕ್ಕಳ ಮುಖಗಳನ್ನೆಲ್ಲ ಒಂದೊಂದಾಗಿ ನೋಡಿದೆ. ಯಾರಿಗೆ ಗೊತ್ತು, ಎಲ್ಲರೂ ಹೀಗೆಯೇ ಇರಬಹುದು. ಆ ಶಾಲೆ ಎಂದರೆ ಚಪಾತಿ ಎಂದುಕೊಂಡಿದ್ದೆ. ಆ ಗಳಿಗೆಯಲ್ಲಿ ಮೊದಲ ಸಲ, ಭಯ ಬಿಟ್ಟು, ಅದು ನನಗೆ ಬೇಕು ಅನ್ನಿಸಿತು.

ಬೇಕು ಅನ್ನಿಸಿದ ಮೇಲೆ ನಾನು ಏನು ಮಾಡುತ್ತೇನೋ ಅದನ್ನೇ ಮಾಡಿದೆ. ಮೊದಲ ಲೆಕ್ಕವನ್ನು ಮಾಡಿ, ತಪ್ಪಿದ್ದರೆ ಎಂದು ಇನ್ನೊಂದು ದಾರಿಯಲ್ಲಿ ಮಾಡಿ, ಎರಡೂ ತಪ್ಪಿದ್ದರೆ ಎಂದು ಮತ್ತೊಂದು ದಾರಿ ಹುಡುಕುತ್ತಿರುವಾಗ ಗಂಟೆ ಹೊಡೆಯಿತು. ಅದು ಕೆಟ್ಟಿರಲಿಲ್ಲ. ಅರ್ಧ ಪ್ರಶ್ನೆಪತ್ರಿಕೆಯನ್ನು ನಾನು ಮುಟ್ಟಿಯೇ ಇರಲಿಲ್ಲ.

ಆಯ್ಕೆಯಾದವರಲ್ಲಿ ನನ್ನ ಹೆಸರಿಲ್ಲ ಎಂದು ಮೇಷ್ಟ್ರು ಬಂದು ಹೇಳಿದ ದಿನ ಮನೆಯಲ್ಲಿ ಯಾರೂ ನಗಲಿಲ್ಲ. ಒಪ್ಪಂದವನ್ನು ಅಷ್ಟು ಚೆನ್ನಾಗಿ ಪಾಲಿಸಿದರು. ಆದರೆ ಫೇಲಾದರೆ ಅಳಬಾರದೆಂದು ನಾನು ಷರತ್ತು ಹಾಕಿರಲಿಲ್ಲ. ಅಪ್ಪ ಬಚ್ಚಲಲ್ಲಿ ಮುಖ ತೊಳೆಯುತ್ತಲೇ ಇದ್ದ, ಬಹಳ ಹೊತ್ತು. ಹೊರಗೆ ಬಂದು, ಹುಣಸೆ ಕೈಯಲ್ಲಿ ಕಣ್ಣು ಮುಟ್ಟಿಕೊಂಡೆ ಎಂದ. ಹುಣಸೆ ಕಾಲ ಮುಗಿದು ಆಗಲೇ ಎಷ್ಟೋ ದಿನವಾಗಿತ್ತು. ಅಜ್ಜಿ ನನ್ನನ್ನು ಎಳೆದು ಮಗ್ಗುಲಲ್ಲಿ ಕೂರಿಸಿಕೊಂಡು, ಮುದ್ದೆಯ ಮೇಲೆ ಎಂದಿಗಿಂತ ಹೆಚ್ಚು ತುಪ್ಪ ಸುರಿದಳು.

“ಮನೆ ಸಾರಿಗೆ ಉಳ್ಕಂಡೆ ಬುಡು ಕಣಮ್ಮಿ.”

ನಾನು ನಕ್ಕುಬಿಟ್ಟೆ, ಅತ್ತುಬಿಟ್ಟೆ, ಮುದ್ದೆ ನುಂಗಿದೆ, ಮೂರನ್ನೂ ಒಟ್ಟಿಗೆ. ಎರಡು ಜಡೆಯ ಆ ಹುಡುಗಿ ಆಯ್ಕೆಯಾದಳೋ ಇಲ್ಲವೋ ನನಗೆ ಗೊತ್ತಿಲ್ಲ. ಈಗಲೂ ಯಾರಾದರೂ ಸಭೆಯಲ್ಲಿ ಎದ್ದು ಅಸಂಬದ್ಧ ಭಯದ ಪ್ರಶ್ನೆಯೊಂದನ್ನು ಕೇಳಿದರೆ, ಅವಳೇ ಇರಬಹುದೇ ಎಂದು ತಿರುಗಿ ನೋಡುತ್ತೇನೆ.

ಈ ವರ್ಷ ನನ್ನ ಮಗಳು ತನು ಏಳನೆಯ ತರಗತಿ. ತುಮಕೂರಿನ ಅವಳ ಶಾಲೆಯವರು ಫೋನ್ ಮಾಡಿ, ಪ್ರತಿಭಾವಂತ ಮಕ್ಕಳಿಗೆ ಒಂದು ವಿಶೇಷ ತರಬೇತಿಯಿದೆ, ಆಯ್ಕೆಯಾದರೆ ಅಲ್ಲೇ ಉಳಿದು ಓದಬೇಕು, ಅರ್ಜಿ ಹಾಕಿ ಎಂದರು. ಅಂದಿನಿಂದ ನಮ್ಮ ಮನೆಯಲ್ಲಿ ನಿದ್ದೆಯಿಲ್ಲ, ಎಂದರೆ ನನಗಿಲ್ಲ. ಬೆಳಿಗ್ಗೆ ಹಾಕೋಣ ಅನ್ನುತ್ತೇನೆ, ಸಂಜೆ ಬೇಡ ಅನ್ನುತ್ತೇನೆ. ಗಂಡನದು ಮಕ್ಕಳನ್ನು ಆಡಿಕೊಂಡಿರಲು ಬಿಡಬೇಕೆನ್ನುವ ಪಕ್ಷ. ನಾವು ಈ ದೊಡ್ಡ ವಿಷಯವನ್ನು ಅಡುಗೆಮನೆಯಲ್ಲಿ ನಿಂತುಕೊಂಡು, ಸ್ವಚ್ಛವಾದ ಕೈಯಲ್ಲಿ ಮಾತಾಡುತ್ತಿದ್ದೆವು. ಹಾಗಾಗಿ ಇಬ್ಬರಲ್ಲೊಬ್ಬರು ಹೊರಟುಹೋಗುವುದು, ಬಾಗಿಲು ದಡಾರ್ ಎನ್ನುವುದು ಸಲೀಸಾಗಿತ್ತು. ಕೊನೆಗೆ ಒಂದು ಭಾನುವಾರ ಮಗಳನ್ನು ಕರೆದುಕೊಂಡು ಮಧುಗಿರಿಯ ಬಸ್ಸು ಹತ್ತಿದೆ.

ಆ ಮನೆಯಲ್ಲಿ ಈಗ, ಆಗಿನ್ನೂ ಅಂಬೆಗಾಲಿಡುತ್ತಿದ್ದ ನನ್ನ ತಮ್ಮನ ಸಂಸಾರ, ಜೊತೆಗೆ ಅಮ್ಮ. ಅಜ್ಜಿಯಿಲ್ಲ, ಅಪ್ಪನಿಲ್ಲ, ಲಾರಿಗಳು ಬರುವುದೂ ನಿಂತಿದೆ. ಆದರೂ ನೆಂಟರಿಷ್ಟರಿಗೆಂದು ಅಮ್ಮ ಒಂದೆರಡು ಚೀಲ ತರಿಸುತ್ತಾಳೆ. ನಾನು ವಿಷಯವಿದೆ ಎಂದೆ, ಅಷ್ಟೆ; ಅವಳು ರಾಶಿ ಸುರಿದು, ಎರಡನೇ ಚೀಲವನ್ನೂ ಮೊದಲೇ ಪಕ್ಕದಲ್ಲಿ ಇಟ್ಟುಕೊಂಡು ಕೂತಳು. ಗಂಡನನ್ನು ಫೋನಿನಲ್ಲಿ ಕರೆದು ಸ್ಪೀಕರ್ ಹಾಕಿ ಗೋಡೆಗೆ ಒರಗಿಸಿದೆವು. ಅವರು ಮಾತು ಶುರು ಮಾಡುತ್ತಿದ್ದಂತೆ ಅಮ್ಮ ತಡೆದಳು.

“ಅಳಿಯಂದ್ರು ಕೈಯಾಗೆ ಏನೈತೆ?”

ಆ ಕಡೆ ಡಬ್ಬಿಗಳ ಸದ್ದು, ಏನೋ ಬಿದ್ದ ಸದ್ದು.

“ಬೆಳ್ಳುಳ್ಳಿ ಸುಲೀತಿದೀನಿ ಅತ್ತೆ.”

“ಆಯ್ತು, ಮಾತಾಡಿ.”

ಅವರು ಹೇಳಿದರು, ನಾನು ಹೇಳಿದೆ. ಬೇವಿನ ಮರದ ಕೆಳಗಿನ ಹುಡುಗಿಯ ಕಥೆಯನ್ನೂ ಹೇಳಿದೆ, ಆವರೆಗೆ ಯಾರಿಗೂ ಹೇಳಿರಲಿಲ್ಲ. ತನು ಓಡು ಬಿಡಿಸುತ್ತಿದ್ದಳು. ಮೊದಮೊದಲು ಹಣ್ಣು ಪುಡಿಯಾಗುತ್ತಿತ್ತು, ಆಮೇಲೆ ಅವಳ ಬೆರಳಿಗೆ ಹದ ಸಿಕ್ಕಿತು. ನನ್ನ ಅಮ್ಮನ ಬೆರಳುಗಳು ಆ ಪುಟ್ಟ ಕೈಯಲ್ಲಿ ಎಲ್ಲಿಂದ ಬಂದವೋ ಎಂದು ನಾನು ಬೆರಗಾಗಿ ನೋಡುತ್ತಿದ್ದೆ. ಕತ್ತೆತ್ತದೆಯೇ ಅವಳು ಕೇಳಿದಳು.

“ಅಲ್ಲಿ ಆ ಎರಡು ಜಡೆ ಹುಡುಗಿ ಥರದೋರು ಸಿಗ್ತಾರಾ ಅಮ್ಮ?”

“ಸಿಗಬಹುದು ಮಗಳೇ. ಗ್ಯಾರಂಟಿ ಇಲ್ಲ.”

“ಹಾಗಿದ್ರೆ ಅಪ್ಲೈ ಮಾಡ್ತೀನಿ. ಆದ್ರೆ ಒಂದು ಕಂಡೀಷನ್.”

“ಏನವ್ವ ಅದು?” ಎಂದಳು ಅಮ್ಮ. ಅವಳ ಮುಖದಲ್ಲಿ ಅದೇ ಅಜ್ಜಿ.

“ರಿಸಲ್ಟ್ ಬರೋವರೆಗೂ ನಮ್ಮಮ್ಮ ಚಿಂತೆ ಮಾಡ್ಬಾರ್ದು.”

ಫೋನು ನಕ್ಕಿತು. ಅಮ್ಮ ನಗು ತಡೆದುಕೊಂಡು ನನ್ನ ಕಡೆ ತಿರುಗಿದಳು.

“ಯಾರಾರ ಏನಾರ ಹೇಳೋದೈತಾ?”

ಹೇಳುವುದು ಬೇಕಾದಷ್ಟಿತ್ತು. ಇಂಥ ಷರತ್ತನ್ನು ನಾನು ಹೇಗೆ ಒಪ್ಪಲಿ, ಚಿಂತೆ ಮಾಡದೆ ನಾನು ಬೆಳಿಗ್ಗೆಯಿಂದ ಸಂಜೆಯವರೆಗೆ ಮಾಡುವುದಾದರೂ ಏನು, ಅಲ್ಲಿ ಬಚ್ಚಲಿಗೆ ಚಿಲಕವಿದೆಯೇ ಎಂದು ಯಾರಾದರೂ ವಿಚಾರಿಸಿದ್ದೀರಾ? ಬಾಯಿ ತೆರೆದೆ. ಹಿತ್ತಲ ಬಾಗಿಲಲ್ಲಿ ಬೆಟ್ಟ ಇದ್ದಲ್ಲೇ ಇತ್ತು. ಅಮ್ಮ, ಮಗಳು ಇಬ್ಬರೂ ನನ್ನ ಮುಖ ನೋಡುತ್ತಿರಲಿಲ್ಲ, ಮಡಿಲ ಕಡೆ ನೋಡುತ್ತಿದ್ದರು. ನಾನೂ ನೋಡಿಕೊಂಡೆ. ನನ್ನ ಕೈ ಯಾವಾಗಲೋ ನಿಂತುಹೋಗಿತ್ತು.